ಅಕ್ಕೋರು ಬರೆಸಿದ ಸೊನ್ನೆ

ನಮ್ಮೂರ ಅಂಗನವಾಡಿ ನಡೆಸುತ್ತಿದ್ದ ಅಕ್ಕೋರ ಬಲಗೈಯ ಎರಡು ಬೆರಳುಗಳ ತುದಿ ಸದಾ ಬೆಲ್ಲದಿಂದ ಅಂಟಂಟಾಗಿರುತ್ತಿತ್ತು. ಅಂಗನವಾಡಿಯ ಹಾಜರಿ ಪುಸ್ತಕದ ಹಾಳೆಗಳ ಮೂಲೆಗಳೂ ಅದರಿಂದ ಕಂದಾಗಿದ್ದವು. ಮೊನ್ನೆ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಎದ್ದು ನಿಂತವರೆಲ್ಲ ಈ ಬೆಲ್ಲವನ್ನೇ ನೆನೆದರು. ಒಂದು ಕೂಸಿಗೂ ತಪ್ಪಿಸಿದವರಲ್ಲ, ಊರ ಮಕ್ಕಳಿಗೆಲ್ಲ ಎರಡನೇ ಅವ್ವ ಎಂದರು. ಬೆಲ್ಲ ಕೊಟ್ಟದ್ದು ನಿಜ. ಅದು ಬರೀ ಮಮತೆ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದೊಂದು ಪರೀಕ್ಷೆ.

ಗಡಿಯಾಚೆ ಮರಾಠಿ ಸೀಮೆಯಲ್ಲಿ, ಉಮರ್ಗಾದಿಂದ ಯೆಣೆಗೂರಿನ ಕಡೆ ಹೋಗುವಾಗ ಸಿಗುವ ಊರು ನಮ್ಮದು. ಮನೆಯೊಳಗೆ ಕನ್ನಡ, ಅಂಗನವಾಡಿಯ ಗೋಡೆಯ ಮೇಲೆ ಮರಾಠಿ. ಹೊಸ ಕೂಸು ಬಂದ ದಿನ ಅಕ್ಕೋರು ಅದನ್ನು ಬೆನ್ನು ತಮ್ಮ ಕಡೆ ಮಾಡಿ ತೊಡೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದರು. ಹಿಂದಿನಿಂದ ಮೆಲ್ಲಗೆ, "ಬೆಲ್ಲ ಬೇಕೇನು?" ತಿರುಗಿದ ಕೂಸಿನ ಬಾಯಿಗೆ ಒಂದು ಚೂರು. "ಕಿವಿ ಚಲೋ ಅವ. ಉಳದದ್ದು ನಾ ಕಲಸ್ತೀನಿ" ಎಂದು ತಾಯಿಗೆ ಹೇಳಿ ಹೆಸರು ಬರೆದುಕೊಳ್ಳುತ್ತಿದ್ದರು.

ಕಲಿಸುತ್ತಿದ್ದರು, ಅದರಲ್ಲಿ ತಕರಾರಿಲ್ಲ. ಸಾಲೆಯ ಎಂಟನೇ ಇಯತ್ತೆಯಲ್ಲಿ ತಾಲೂಕಿನ ಚರ್ಚಾಸ್ಪರ್ಧೆಗೆ ನನ್ನ ಹೆಸರು ಹೋದಾಗ, ಸಾಲೆ ಬಿಟ್ಟ ಮೇಲೆ ಖಾಲಿ ಅಂಗನವಾಡಿಯಲ್ಲಿ ನಿಲ್ಲಿಸಿ ನನ್ನ ಮರಾಠಿ ತಿದ್ದಿದವರು ಅವರೇ. ನಾನು ತಡವರಿಸಿದರೆ, "ಯಾರದಾರ ಇಲ್ಲಿ? ಆಟಿಕಿ ಕುದುರಿ ಕಡೀತದೇನು ನಿನಗ?" ಎನ್ನುವರು. ನಾಲ್ಕು ಜನರ ಮುಂದೆ ವಾದಿಸುವ ಧೈರ್ಯ ನನಗೆ ಬಂದದ್ದು ಆ ಕೋಣೆಯಿಂದ. ಈ ಋಣ ಬರೆದಿಡದೆ ಮುಂದಿನದನ್ನು ಬರೆದರೆ ಅದು ಮೋಸ.

ಅದೇ ವರ್ಷ ತಂಗಿಗೆ ಮೂರು ತುಂಬಿತು. ಅವ್ವ ಸೋಯಾಬೀನಿನ ಕಳೆಗೆ ಹೋಗಿದ್ದಳು, ಹಾಗಾಗಿ ಹೆಸರು ಹಚ್ಚಲು ನಾನೇ ಕರೆದೊಯ್ದೆ. ಅಕ್ಕೋರು ಬೆನ್ನ ಹಿಂದಿನಿಂದ ಕೇಳಿದರು. ತಂಗಿ ತಿರುಗಲಿಲ್ಲ. ಇನ್ನೊಮ್ಮೆ, ದನಿ ಏರಿಸಿ ಕೇಳಿದರು. ಅವಳು ಅಂಗಳದ ಕೋಳಿಯನ್ನೇ ನೋಡುತ್ತಿದ್ದಳು. ಅಕ್ಕೋರು ಕೈ ಮುಂದೆ ಚಾಚಿ ಬೆಲ್ಲ ಕೊಟ್ಟುಬಿಟ್ಟರು. ಹೆಸರು ಬರೆದುಕೊಂಡರು. ಕಿವಿಯ ಮಾತು ಎತ್ತಲಿಲ್ಲ.

ಟ್ರ್ಯಾಕ್ಟರಿನ ಹಾರ್ನಿಗೆ ತಂಗಿ ಬೆಚ್ಚುತ್ತಿದ್ದಳು. ಅದಕ್ಕೇ ಮನೆಯಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಅವಳಿಗೆ ಇನ್ನೂ ಮಾತು ಬಾರದ್ದಕ್ಕೆ ಎಲ್ಲರ ಹತ್ತಿರ ಒಂದೇ ಉತ್ತರ ಸಿದ್ಧವಿತ್ತು. ತಪಾಸಣೆಗೆ ಬಂದ ಮೇಲ್ವಿಚಾರಕಿ, "ಕಾನಡೀ ಘರಾಚೀ ಆಹೇ, ಬೋಲೇಲ ಹಳೂಹಳೂ" ಎಂದು ಕೆನ್ನೆ ತಟ್ಟಿ ಹೋದಳು: ಕನ್ನಡ ಮನೆಯ ಕೂಸು, ನಿಧಾನಕ್ಕೆ ಮಾತಾಡೀತು. ಅವ್ವನೂ ಅದನ್ನೇ ನಂಬಿದಳು. "ಅಲ್ಲಿ ಮರಾಠಿ, ಮನ್ಯಾಗ ನಮ್ಮ ಮಾತು. ಕೂಸು ನಡಕ ಸಿಕ್ಯಾದ." ಓಣಿಯ ಮಕ್ಕಳಿಗೆ ಅವಳೊಂದು ಆಟ. ಹಿಂದಿನಿಂದ ಮಣ್ಣಿನ ಹೆಂಟೆ ಒಗೆದು, ಅವಳು ತಿರುಗದಿದ್ದರೆ ನಗುತ್ತಿದ್ದರು. ಒಮ್ಮೆ ಅಕ್ಕೋರು ಗದರಿಸಿದ್ದು ಕೇಳಿದ್ದೇನೆ: "ಒಗೀಬ್ಯಾಡ್ರೋ, ಆಕಿಗಿ ಕೇಳಸೂದಿಲ್ಲ." ಹೆಂಟೆ ಬೀಳುವ ಸದ್ದಷ್ಟೇ ಕೇಳಿಸುವುದಿಲ್ಲವೆಂದು ಅರ್ಥ ಮಾಡಿಕೊಂಡೆ ನಾನು.

ಅಂಗನವಾಡಿಗಳನ್ನು ಸುಧಾರಿಸಲು ಸರಕಾರ ಅನುದಾನ ಕೊಡುತ್ತದೆಂದು ಆ ಚಳಿಗಾಲದಲ್ಲಿ ಅರ್ಜಿ ಬಂತು. ನಮ್ಮದರ ಛತ್ತಿನ ತಗಡು ಎಷ್ಟು ತೂತಾಗಿತ್ತೆಂದರೆ ಮಳೆಗಾಲದಲ್ಲಿ ಮೂವತ್ತು ಮಕ್ಕಳು ಒಂದೇ ಮೂಲೆಯಲ್ಲಿ ಒತ್ತಿ ಕೂರಬೇಕಿತ್ತು. ನನ್ನ ಅಕ್ಷರ ಚೆಂದವೆಂದು ಅಕ್ಕೋರು ಅರ್ಜಿ ನನ್ನಿಂದಲೇ ತುಂಬಿಸಿದರು. 'ದಿವ್ಯಾಂಗ ಮಕ್ಕಳ ಸಂಖ್ಯೆ' ಎಂಬ, ಅಂಗವಿಕಲ ಕೂಸುಗಳ ಕಾಲಂ ಬಂದಾಗ ಎಷ್ಟೆಂದು ಕೇಳಿದೆ. ಅವರು ಚಾಪೆಯ ಮೇಲೆ ಮಲಗಿದ್ದ ನನ್ನ ತಂಗಿಯ ಕಡೆ ಒಮ್ಮೆ ನೋಡಿದರು.

"ಸೊನ್ನಿ ಹಾಕು."

ದುಂಡಗೆ ಹಾಕಿದೆ.

ಅನುದಾನ ಬಂತು. ಹೊಸ ಛತ್ತು, ನುಣುಪು ನೆಲ, ಗೋಡೆಯ ತುಂಬ ಆನೆ, ನವಿಲು. ಉದ್ಘಾಟನೆಯ ಫೋಟೋಕ್ಕೆ ಮೇಲ್ವಿಚಾರಕಿ ನನ್ನ ತಂಗಿಯನ್ನೇ ಮುಂದೆ ಕೂಡಿಸಿದಳು. ಗದ್ದಲ ಮಾಡದ ಕೂಸು ಅವಳೊಬ್ಬಳೇ.

ಅವಳಿಗೆ ಏಳಾದಾಗ ಲಾತೂರಿನ ಡಾಕ್ಟರರು ಕಿವಿಗೆ ಯಂತ್ರ ಹಚ್ಚಿ ನೋಡಿ, ದೊಡ್ಡ ಸದ್ದಷ್ಟೇ ಕೇಳುತ್ತದೆ, ಮಾತು ಕೇಳುವುದಿಲ್ಲ ಎಂದರು. ಮೂರು ವರ್ಷದವಳಿದ್ದಾಗಲೇ ತಂದಿದ್ದರೆ ಮಾತು ಬರುತ್ತಿತ್ತು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು. ಅವ್ವ ಕೈಮುಗಿದು, ತನ್ನ ಹರಕು ಮರಾಠಿಯಲ್ಲಿ, ನಾವು ಕನ್ನಡದ ಮಂದಿ ಸಾಹೇಬರೇ ಎಂದಳು. ಡಾಕ್ಟರರು ನಕ್ಕುಬಿಟ್ಟರು. ಪಕ್ಕದಲ್ಲಿದ್ದ ನರ್ಸೂ ನಕ್ಕಳು.

ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ಕಪ್ ಗೆದ್ದ ನನಗೆ ಒಂದು ಸಣ್ಣ ತರ್ಕ ಹೊಳೆಯಲು ಇನ್ನೂ ಐದು ವರ್ಷ ಬೇಕಾಯಿತು. ಅಕ್ಕೋರು ಬೆಲ್ಲ ಬೇಕೇನು ಎಂದು ಕೇಳಿದ್ದು ಕನ್ನಡದಲ್ಲಿ. ಭಾಷೆಯ ನೆಪ ಇಡೀ ಊರಿಗಿತ್ತು, ಅವರಿಗಿರಲಿಲ್ಲ.

ಅಕ್ಕೋರು ಸಾಯುವ ಮೂರು ತಿಂಗಳ ಮುಂಚೆ ಅವರ ಮನೆಗೆ ಹೋಗಿ, ಸೊನ್ನೆ ಹಾಕಿಸುವಾಗ ತಂಗಿಗೆ ಕೇಳಿಸದ್ದು ಗೊತ್ತಿತ್ತೇ ಎಂದು ನೇರವಾಗಿ ಕೇಳಿದೆ. ಅವರು ಸುಳ್ಳಾಡಲಿಲ್ಲ.

"ಗೊತ್ತಿತ್ತವ್ವಾ. ಒಂದು ಅಂತ ಬರಸಿದ್ರ ದವಾಖಾನಿ ಸರ್ಟಿಫಿಕೇಟ ತರ್ರಿ ಅಂತಿದ್ರು, ಮತ್ತೊಮ್ಮೆ ತಪಾಸಣಿ ಅಂತಿದ್ರು. ಮಾರ್ಚ ದಾಟಿದ್ರ ಅನುದಾನ ವಾಪಸ. ಮೂವತ್ತ ಕೂಸು ತೊಯ್ಸಕೋತ ಕುಂದರಬೇಕಿತ್ತು. ನನ್ನ ಜಾಗಾದಾಗ ನೀ ಇದ್ರ ಏನ ಮಾಡ್ತಿದ್ದಿ, ಹೇಳು. ದೊಡ್ಡ ವಾದಗಾರ್ತಿ ಆಗೀದಿ."

"ನಾನೂ ಸೊನ್ನಿನೇ ಹಾಕ್ತಿದ್ದೆ ಅಂತ ತಿಳೀರಿ ಅಕ್ಕೋರ," ಎಂದೆ. "ಅರ್ಜಿ ಉಮರ್ಗಾಕ್ಕ ಹೋಯ್ತು, ಛತ್ತೂ ಬಂತು. ನಮ್ಮವ್ವ ದಿನಾ ಮಧ್ಯಾನ್ನ ತಂಗಿನ್ನ ಕರಕೊಂಡ ಹೋಗಾಕ ನಿಮ್ಮ ಬಾಗಲಿಗಿ ಬಂದು ನಿಂದರ್ತಿದ್ಳಲ್ರೀ. ಆಕಿಗರ ಯಾಕ ಹೇಳಲಿಲ್ಲ?"