ಡಂಪಕ್ಕನ ರಜೆ

ಸರಕು ರೈಲಿನ ಕಚೇರಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಡಂಪಕ್ಕ. ಯಾವ ವ್ಯಾಗನ್ ಎಲ್ಲಿ ನಿಂತಿದೆ, ಯಾವ ಗಾಡಿಗೆ ಸೇರಬೇಕು ಎಂದು ಹೇಳುವ ಪ್ರೋಗ್ರಾಂ ಒಂದು ಅಲ್ಲಿನ ದೊಡ್ಡ ಕಂಪ್ಯೂಟರಾದ ಮೇನ್‌ಫ್ರೇಮಿನಲ್ಲಿ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ಮರ್ಯಾದೆಯ ಮಾತು. ಮುದಿ ಎತ್ತಿನ ಹಾಗೆ ಆಗಾಗ ಮಂಡಿಯೂರುತ್ತಿತ್ತು. ಬಿದ್ದಾಗಲೆಲ್ಲ ಆ ಗಳಿಗೆಯಲ್ಲಿ ಮೆಮೊರಿಯಲ್ಲಿ ಇದ್ದಬದ್ದದ್ದನ್ನೆಲ್ಲ ಪ್ರಿಂಟರ್ ಕಾಗದದ ಮೇಲೆ ಕಕ್ಕುತ್ತಿತ್ತು. ಅದೇ ಡಂಪು. ಪುಟದ ತುಂಬ ಒತ್ತೊತ್ತಾಗಿ ಅಂಕಿಗಳು, ನಡುವೆ ಎ-ಯಿಂದ ಎಫ್‌ವರೆಗಿನ ಅಕ್ಷರಗಳು. ಬೇರೆಯವರ ಕಣ್ಣಿಗೆ ಬರೀ ಇರುವೆ ಸಾಲು. ಡಂಪಕ್ಕ ಮಾತ್ರ ಅದರಲ್ಲಿ ಬೆರಳಿಟ್ಟು, "ಇಗೋ, ಇಲ್ಲಿ ಎಡವಿದೆ ನೋಡಿ" ಎನ್ನುತ್ತಿದ್ದಳು.

ಈಚೆಗೆ ಆ ಬೆರಳು ತಪ್ಪುತ್ತಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಂಟನ್ನು ಬಿ ಎಂದು ಓದಿ, ಪ್ರೋಗ್ರಾಮಿನ ಸರಿಯಾಗಿದ್ದ ಭಾಗವನ್ನೇ ಒಮ್ಮೆ ಅರ್ಧ ದಿನ ಬಿಚ್ಚಿಹಾಕಿಸಿದ್ದಳು. ಮನೆಯಲ್ಲಿ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದ ದಿನ, ದರ್ಜಿ ಕೆಲಸದ ಗಂಡ ಕೈಲಿದ್ದ ಕತ್ತರಿ ಕೆಳಗಿಟ್ಟ.

"ಎಡಗಣ್ಣು ಇನ್ನೂ ತಡ ಮಾಡಿದ್ರೆ ಉಳಿಯೋದು ಕಷ್ಟ ಅಂದ್ರು ತಾನೇ ಡಾಕ್ಟ್ರು?"

"ಆಪರೇಷನ್ ಅಂದ್ರೆ ವಾರಗಟ್ಟಲೆ ರಜೆ ರೀ. ನಾನಿಲ್ದಾಗ ಪ್ರೋಗ್ರಾಂ ಬಿದ್ರೆ?"

"ಬೀಳ್ಲಿ. ಏನು, ನೀನು ಹೆತ್ತಿದ್ದಾ ಅದು?"

ಪ್ರೋಗ್ರಾಂ ಬರೀ ನೆಪ. ರಜೆ ಹಾಕಿದರೆ ತನ್ನ ಕಣ್ಣಿನ ಗುಟ್ಟು ರಟ್ಟಾಗುತ್ತದೆ, ಡಂಪು ಓದಲಾರದ ಡಂಪಕ್ಕನನ್ನು ಆಮೇಲೆ ಯಾರು ಮೂಸುತ್ತಾರೆ ಎಂಬ ಭಯ ಅವಳಿಗಿತ್ತು. ಆದರೆ ಕಣ್ಣೇ ಹೋದ ಮೇಲೆ ಆ ಮರ್ಯಾದೆ ಕಟ್ಟಿಕೊಂಡು ಏನಾಗಬೇಕು? ತನಗೆ ತಾನೇ ನಾಲ್ಕು ಬೈದುಕೊಂಡು ಕೆಲಸಕ್ಕೆ ಕೂತಳು.

ಪ್ರೋಗ್ರಾಮಿನೊಳಗೇ ಒಂದು ತುಣುಕು ಸೇರಿಸುವುದು ಅವಳ ಲೆಕ್ಕಾಚಾರ. ಬಿದ್ದ ಕೂಡಲೇ ಆ ತುಣುಕು ಎದ್ದು, ಮೆಮೊರಿಯನ್ನು ಬಿಡಿಸಿ, ಮನುಷ್ಯರು ಓದುವ ಹಾಗೆ ಅಚ್ಚು ಹಾಕಬೇಕು: ವ್ಯಾಗನ್ ನಂಬರು ಇದು, ತೂಕ ಇಷ್ಟು, ಕೊನೆಗೆ ಮಾಡುತ್ತಿದ್ದ ಕೆಲಸ ಇದು.

"ಸಾಯೋನ ಕೈಲಿ ಉಯಿಲು ಬರೆಸ್ತೀಯಾ ಅಕ್ಕಾ?" ಎಂದ ಯಂತ್ರ ನಡೆಸುವ ಆಪರೇಟರ್.

"ಬರೆಸ್ತೀನಿ. ದುಂಡಗೆ."

ಮುಂದಿನ ಸಲ ಪ್ರೋಗ್ರಾಂ ಬಿದ್ದಾಗ ವ್ಯಾಗನ್ ನಂಬರು ಅಂದವಾಗಿ ಬಂತು. ಅದರ ಕೆಳಗೆ "ತೂಕ" ಎಂದು ಬಂತು. ಆಮೇಲೆ ಏನೂ ಇಲ್ಲ. ತೂಕದ ಜಾಗದಲ್ಲಿ ಅಂಕಿಯ ಬದಲು ಬರೀ ಖಾಲಿ ಇತ್ತು; ಅದನ್ನು ಅಂಕಿಯೆಂದು ಲೆಕ್ಕ ಹಾಕಲು ಹೋಗಿಯೇ ಪ್ರೋಗ್ರಾಂ ಸತ್ತಿತ್ತು. ಡಂಪಕ್ಕನ ತುಣುಕೂ ತೂಕ ತೋರಿಸಲು ಅದೇ ಲೆಕ್ಕ ಹಾಕಿ, ಅದೇ ಗುಂಡಿಗೆ ಬಿದ್ದಿತ್ತು. ಆಪರೇಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು, ಆದರೆ ಎಡಗಣ್ಣಿನ ನೆನಪಾಗಿ ನಗು ಅಲ್ಲಿಗೇ ನಿಂತಿತು.

ಮತ್ತೆ ಬರೆದಳು. ಈ ಸಲ ತುಣುಕು ಏನನ್ನೂ ನಂಬುತ್ತಿರಲಿಲ್ಲ. ಪ್ರತಿಯೊಂದನ್ನೂ ಮೊದಲು ಮುಟ್ಟಿ ನೋಡಿ, ಅಂಕಿಯಲ್ಲದಿದ್ದರೆ ಇದ್ದದ್ದನ್ನು ಇದ್ದ ಹಾಗೇ ಅಚ್ಚು ಹಾಕಿ, "ಇದು ಅಂಕಿಯಲ್ಲ" ಎಂದು ಪಕ್ಕದಲ್ಲಿ ಬರೆದು ಮುಂದೆ ಹೋಗುತ್ತಿತ್ತು. ಬೇಕೆಂದೇ ಪ್ರೋಗ್ರಾಮನ್ನು ಬೀಳಿಸಿ ನೋಡಿದಳು, ಕೊನೆಯ ಸಾಲಿನವರೆಗೂ ಬಂತು. ಮರುದಿನವೇ ರಜೆ ಹಾಕಿದಳು.

ಎಡಗಣ್ಣಿನ ಆಪರೇಷನ್ ಸುಸೂತ್ರವಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತವಳ ಕಿವಿ ಮಾತ್ರ ಫೋನಿನ ಮೇಲೆ. ಅದು ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಪ್ರೋಗ್ರಾಂ ಬಿದ್ದೇ ಇಲ್ಲವೇನೋ ಎಂದುಕೊಂಡಳು.

"ಬೀಳ್ದೇ ಇರುತ್ತಾ ಅಕ್ಕಾ?" ಎಂದ ಆಪರೇಟರ್, ಅವಳು ಕೆಲಸಕ್ಕೆ ಮರಳಿದಾಗ. "ಎರಡು ಮೂರು ಸಲ ಬಿತ್ತು. ಏನಾಗಿದೆ ಅಂತ ಕಾಗದದಲ್ಲೇ ಇತ್ತಲ್ಲ, ನಾವೇ ಸರಿ ಮಾಡ್ಕೊಂಡ್ವಿ."

ಇದಕ್ಕಾಗಿಯೇ ಅಷ್ಟು ಒದ್ದಾಡಿದ್ದು, ಈಗ ಬೇಜಾರು ಮಾಡಿಕೊಂಡರೆ ಹೇಗೆ? ಆದರೂ ಡಂಪಕ್ಕನಿಗೆ ಬೇಜಾರಾಯಿತು. ಯಾರಾದರೂ ಒಂದು ಮಾತು ಕೇಳಬಹುದಿತ್ತು. ಗಂಡನ ಅಂಗಡಿಗೆ ಫೋನ್ ಮಾಡಿದಳು.

"ರೀ, ಬಲಗಣ್ಣಿಗೂ ದಿನ ಕೇಳಿಬಿಡಿ."

"ಇಷ್ಟು ಬೇಗ? ಆಫೀಸಲ್ಲಿ ಬಿಡ್ತಾರಾ?"

"ಬಿಡ್ತಾರೆ. ಇಲ್ಲಿ ನಾನಿಲ್ದೆ ನಡೆಯುತ್ತೆ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ನಂಗೆ ನಡೆಯಲ್ಲ," ಎಂದ ಗಂಡ. "ಬೇಗ ಮನೆಗೆ ಬಾ."