ಬಾತ್‌ರೂಮ್ ಬಾಗಿಲಿನ ಎರಡು ಇಂಚು

ಅಥವಾ ಮನೆ ಪ್ಲಾನಿನ ಆ ಹಾಳೆಯ ಮೇಲೆ ಬಾಗಿಲು ಒಂದೂಕಾಲು ಸೆಂಟಿಮೀಟರ್ ಇರಲೇ ಇಲ್ಲವೇನೋ. ಇತ್ತು ಅಂತ ಎಷ್ಟು ಸಲ ಎಷ್ಟು ಜನರ ಹತ್ತಿರ ವಾದಿಸಿದ್ದೇನೆಂದರೆ, ಈಗ ನೆನಪಿರುವುದು ಆ ಗೆರೆಯೋ ನನ್ನ ವಾದವೋ ಗೊತ್ತಾಗುವುದಿಲ್ಲ.

ಅಕ್ಕ ತುಮಕೂರಿನ ಆಸ್ಪತ್ರೆಯಲ್ಲಿದ್ದಳು. ಬಲಗಾಲಿಗೆ ತೊಡೆವರೆಗೂ ಪ್ಲಾಸ್ಟರ್. ಮಾರನೇ ದಿನ ಕುಣಿಗಲ್‌ನ ಅವಳ ಹೊಸ ಮನೆಗೆ ಕರೆದೊಯ್ಯಬೇಕು. ಅವಳದು ಒಂದೇ ಹಟ. "ಬಾತ್‌ರೂಮಿಗೆ ನನ್ನ ಯಾರೂ ಎತ್ಕೊಂಡು ಹೋಗಬಾರದು ಕಣೇ. ವ್ಹೀಲ್‌ಚೇರ್ ನಾನೇ ತಳ್ಕೊಂಡು ಹೋಗ್ತೀನಿ." ಅಂಗಡಿಯಲ್ಲಿದ್ದ ವ್ಹೀಲ್‌ಚೇರ್ ಇಪ್ಪತ್ತೈದು ಇಂಚು ಅಗಲ. ಅದಕ್ಕಿಂತ ಕಿರಿದು ಬೇಕಾದರೆ ನಾಲ್ಕು ದಿನ ಕಾಯಬೇಕು. ಬಾಗಿಲು ಎಷ್ಟಗಲ ಅಂತ ಯಾರಿಗೂ ಗೊತ್ತಿಲ್ಲ.

"ಟೇಪ್ ಹಿಡಿದು ನೋಡ್ಕೊಂಡು ಬನ್ನಿ ಭಾವ," ಅಂದೆ. ಮನೆಯ ಬೀಗದ ಕೈ ಅವರ ಜೇಬಿನಲ್ಲೇ ಇತ್ತು.

"ಅದಕ್ಕೋಸ್ಕರ ಕುಣಿಗಲ್‌ಗೆ ಹೋಗ್ಬೇಕಾ? ಮೊಬೈಲ್‌ನಲ್ಲಿ ಮನೆ ಪ್ಲಾನ್ ಇದೆ. ಏಳನೇ ಕ್ಲಾಸಿಗೆ ಇದನ್ನೇ ತಾನೇ ಹೇಳ್ಕೊಡೋದು ನೀನು? ಲೆಕ್ಕ ಹಾಕು ಮೇಡಂ."

ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಮೂಲೆಯಲ್ಲಿ ಒಂದಕ್ಕೆ ಐವತ್ತು ಅಂತ ಸ್ಕೇಲ್ ಬರೆದಿತ್ತು. ನಂಬುವಂತಿರಲಿಲ್ಲ, ದೊಡ್ಡ ಹಾಳೆ ಫೋಟೋ ಆಗಿ, ಫೋಟೋ ಕುಗ್ಗಿ ಚಿಕ್ಕ ಹಾಳೆಯಾಗಿತ್ತು. ಸೈಟಿನ ಅಗಲ ಮೂವತ್ತಡಿ, ಅದಂತೂ ನಿಜ. ಹಾಳೆಯಲ್ಲಿ ಅದು ಹದಿನೈದು ಸೆಂಟಿಮೀಟರ್. ಅಂದರೆ ಸೆಂಟಿಮೀಟರಿಗೆ ಎರಡಡಿ. ಬಾಗಿಲು ಒಂದೂಕಾಲು ಸೆಂಟಿಮೀಟರ್, ಎರಡೂವರೆ ಅಡಿ, ಮೂವತ್ತು ಇಂಚು. ಆರಾಮಾಗಿ ಹೋಗುತ್ತೆ, ಅಂದೆ. ಆಸ್ಪತ್ರೆ ಸೇರಿದ ಮೇಲೆ ಅಕ್ಕ ಅವತ್ತೇ ಮೊದಲ ಸಲ ತಟ್ಟೆ ಖಾಲಿ ಮಾಡಿದ್ದು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಮಾರನೇ ದಿನ ವ್ಹೀಲ್‌ಚೇರ್ ಬಾತ್‌ರೂಮ್ ಬಾಗಿಲಿಗೆ ಎರಡೂ ಕಡೆ ತಾಗಿ ನಿಂತಿತು. ಟೇಪ್ ಹಿಡಿದೆ. ಇಪ್ಪತ್ನಾಲ್ಕು ಇಂಚು.

ಭಾವ ಬೇರೆ ಯಾರದೋ ಮನೆ ನೋಡುವ ಹಾಗೆ ನೋಡಿದರು. "ಓ, ಇದಾ. ಬೆಡ್‌ರೂಮಿಗೆ ವಾಸ್ತು ಪ್ರಕಾರ ಆಯ ಕೂಡಿಬರ್ಲಿಲ್ಲ ಅಂತ ಮನೆ ಕಟ್ಟಿದ ಗುಬ್ಬಿಯ ಮೇಸ್ತ್ರಿ ರೂಮನ್ನ ಒಂಚೂರು ದೊಡ್ಡದು ಮಾಡ್ದ. ಗೋಡೆ ಈ ಕಡೆ ಸರಿದು ಬಾಗಿಲು ಚಿಕ್ಕದಾಯ್ತು."

"ನಿನ್ನೆ ಹೇಳೋಕೇನಾಗಿತ್ತು?"

"ನೀನು ಕೇಳ್ಲಿಲ್ವಲ್ಲ."

ಮೇಸ್ತ್ರಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ನಾಲ್ಕಿಂಚು ಮೇಡಂ, ಅದರ ಮೇಲೆ ಒಂದು ನೂಲೂ ಸರಿಸಿಲ್ಲ. ಆಯ ಕರೆಕ್ಟಾಗಿದೆ, ಯೋಚ್ನೆ ಮಾಡ್ಬೇಡಿ," ಅಂದ. ಮೂವತ್ತರಲ್ಲಿ ನಾಲ್ಕು ಹೋದರೆ ಇಪ್ಪತ್ತಾರು. ಇಪ್ಪತ್ತಾರಿದ್ದಿದ್ದರೆ ವ್ಹೀಲ್‌ಚೇರ್ ಉಜ್ಜಿಕೊಂಡಾದರೂ ಹೋಗುತ್ತಿತ್ತು.

ಕೊನೆಗೆ ನಾನೊಂದು ಕಡೆ, ಭಾವ ಒಂದು ಕಡೆ ಹಿಡಿದು ಅಕ್ಕನನ್ನು ಎತ್ತಿಕೊಂಡು ಹೋದೆವು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. "ನಿನ್ನ ಕ್ಲಾಸಿನ ಮಕ್ಕಳನ್ನ ನೆನೆಸ್ಕೊಂಡ್ರೆ ಅಯ್ಯೋ ಅನ್ಸುತ್ತೆ ಕಣೇ," ಅಂದಳು. ಹಾಗೆ ನಾಲ್ಕು ದಿನ, ಕಿರಿದಾದ ವ್ಹೀಲ್‌ಚೇರ್ ಬರುವ ತನಕ. ಎರಡನೇ ದಿನದಿಂದ ಅಕ್ಕ ತಮಾಷೆಯನ್ನೂ ಮಾಡಲಿಲ್ಲ.

ಲೆಕ್ಕಕ್ಕೆ ಸಿಗದೆ ಉಳಿದ ಆ ಎರಡು ಇಂಚು ನನ್ನ ಹಾಳೆಯಲ್ಲಿ ಒಂದು ಮಿಲಿಮೀಟರ್ ಕೂಡ ಇಲ್ಲ, ಪೆನ್ಸಿಲ್ ಗೆರೆಯ ದಪ್ಪ ಅಷ್ಟೇ. ಹಾಳೆ ಈಗ ಸಿಗುತ್ತಿಲ್ಲ. ಮೇಸ್ತ್ರಿ ಸುಳ್ಳು ಹೇಳಿದನೋ, ಪ್ರಿಂಟ್ ಒಂದು ಕಡೆ ಹಿಗ್ಗಿತ್ತೋ, ಗಾಲಿಕುರ್ಚಿ ಒಳಗೆ ಹೋಗಲಿ ಅಂತ ಆಸೆಪಟ್ಟು ನಾನೇ ಗೆರೆಯ ಆಚೆ ಅಂಚಿನ ತನಕ ಅಳೆದೆನೋ, ನನಗೆ ಗೊತ್ತಿಲ್ಲ.