ಕೊನೇ ಪುಟದ ಲಾಯರಮ್ಮ

ನಲವತ್ತು ಪುಟದ ಒಂದು ತೀರ್ಪು ಓದಲು ಎಷ್ಟು ಹೊತ್ತು ಬೇಕು? ಕೊಪ್ಪದ ನಮ್ಮ ಆಫೀಸಿಗೆ ಎದುರಿನ ಕ್ಯಾಂಟೀನಿನಿಂದ ಟೀ ಬರುವಷ್ಟು ಹೊತ್ತು ಸಾಕು. (ಆ ಕ್ಯಾಂಟೀನಿನ ಟೀ ಬಹಳ ಬೇಗ ಬರುತ್ತದೆ.)

ಇದನ್ನು ಸಾಧಿಸಿ ತೋರಿಸಿದವಳು ಸ್ಫೂರ್ತಿ. ಬಸರೀಕಟ್ಟೆಯ ನನ್ನ ಅಣ್ಣ ರಾಘಣ್ಣನ ಮಗಳು. ಶಿವಮೊಗ್ಗದಲ್ಲಿ ಲಾ ಓದುತ್ತಾಳೆ. ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕಂತೆ. ಅತ್ತೆಯೇ ವಕೀಲೆಯಾಗಿರುವಾಗ ಬೇರೆಲ್ಲಿಗೆ ಹೋಗುವುದು? ಬಂದ ದಿನವೇ ದಾರಿಯ ಹಕ್ಕಿನ ಒಂದು ಹಳೇ ತೀರ್ಪನ್ನು ಅವಳ ಕೈಗಿಟ್ಟು ಓದು ಅಂದೆ. ಟೀ ಬಂತು. ಅವಳ ಓದೂ ಮುಗಿದಿತ್ತು.

ಏನಿದೆ ಅದರಲ್ಲಿ ಅಂತ ಕೇಳಿದೆ. ಅಪೀಲು ಹಾಕಿದವರು ಗೆದ್ದರು ಅಂದಳು. ಸರಿ, ಸೋತವರು ಏನು ಹೇಳಿದ್ದರು?

"ಸೋತವ್ರು ಹೇಳಿದ್ದು ಓದಿ ಎಂತ ಮಾಡೂದು ಅತ್ತೆ?"

ನನಗೆ ಟೀ ನೆತ್ತಿಗೇರಿತು.

ಹುಡುಗಿಯೊಬ್ಬಳನ್ನೇ ಬೈದು ಪ್ರಯೋಜನವಿಲ್ಲ ಬಿಡಿ. ಈಗ ಲಾ ಓದುವ ಮಕ್ಕಳಲ್ಲಿ ಬಹುಪಾಲು ಮಂದಿ ತೀರ್ಪು ಓದುವುದು ಕ್ರಿಕೆಟ್ ಸ್ಕೋರು ನೋಡಿದ ಹಾಗೆ. ಕೊನೇ ಪುಟ, ಕೊನೇ ಪ್ಯಾರಾ, ಗೆದ್ದದ್ದು ಯಾರು, ಮುಗಿಯಿತು. ಉಳಿದದ್ದನ್ನು ಮೊಬೈಲು ನಾಲ್ಕು ಸಾಲಿನಲ್ಲಿ ಸಾರಾಂಶ ಮಾಡಿ ಕೊಡುತ್ತದೆ. ಸ್ವಲ್ಪ ಶ್ರದ್ಧೆಯವರಾದರೆ ಹಳದಿ ಹೈಲೈಟರ್ ಹಿಡಿದು ಇಡೀ ಪುಟಕ್ಕೆ ಅರಿಶಿನ ಬಳಿಯುತ್ತಾರೆ. ಎಲ್ಲವೂ ಮುಖ್ಯವಾದರೆ ಯಾವುದು ಮುಖ್ಯ?

ತೀರ್ಪಿನ ಸ್ವಾರಸ್ಯ ಇರುವುದೇ ನಡುವಿನಲ್ಲಿ. ಕೆಳಗಿನ ಕೋರ್ಟಿನಲ್ಲಿ ಗೆದ್ದವರು ಮೇಲಿನ ಕೋರ್ಟಿನಲ್ಲಿ ಯಾಕೆ ಸೋತರು? ಒಂದೇ ಸಂಗತಿಯನ್ನು ಇವರು ಹೇಗೆ ಹೇಳಿದರು, ಅವರು ಹೇಗೆ ಹೇಳಿದರು? ಎನ್.ಆರ್. ಪುರದ ಕೋರ್ಟಿನ ಹೊರಗೆ ಸ್ವಲ್ಪ ಹೊತ್ತು ನಿಂತು ಕಿವಿ ಕೊಡಿ. ಬಿದ್ದ ಮರ ಒಂದೇ. ಒಬ್ಬನ ಕಥೆಯಲ್ಲಿ ಗಾಳಿಗೆ ಬಿತ್ತು, ಇನ್ನೊಬ್ಬನ ಕಥೆಯಲ್ಲಿ ಗರಗಸಕ್ಕೆ. ಇನ್ನು ಮೂವರು ನ್ಯಾಯಾಧೀಶರಲ್ಲಿ ಒಬ್ಬರು 'ನಾನಿದಕ್ಕೆ ಒಪ್ಪುವುದಿಲ್ಲ' ಅಂತ ಬೇರೆಯೇ ತೀರ್ಪು ಬರೆದಿರುತ್ತಾರಲ್ಲ, ಅದನ್ನಂತೂ ಯಾರೂ ಮುಟ್ಟುವುದಿಲ್ಲ. ಪರೀಕ್ಷೆಗೆ ಬರುವುದಿಲ್ಲವಂತೆ! ಇವತ್ತಿನ ಒಂಟಿ ದನಿಯೇ ಎಷ್ಟೋ ಸಲ ಮುಂದೊಂದು ದಿನ ಕಾನೂನಾಗಿದೆ ಅಂತ ಹೇಳಿದರೆ, ಆಗ ಓದುತ್ತೇವೆ ಅನ್ನುತ್ತಾರೆ.

ಶೃಂಗೇರಿ ಇಲ್ಲೇ ಪಕ್ಕದಲ್ಲಿದೆ. ಅಲ್ಲಿ ವಾಕ್ಯಾರ್ಥಕ್ಕೆ, ಅಂದರೆ ಶಾಸ್ತ್ರದ ವಾದಕ್ಕೆ, ಕೂತ ವಿದ್ವಾಂಸರು ಮೊದಲು ಎದುರಿನವನ ವಾದವನ್ನು ಎತ್ತಿ ಹೇಳಬೇಕು. ಅದಕ್ಕೆ ಪೂರ್ವಪಕ್ಷ ಅಂತ ಹೆಸರು. ಅದೂ ಕಾಟಾಚಾರಕ್ಕಲ್ಲ, ಎದುರಿನವನೇ 'ಹೌದು, ನಾನು ಹೇಳುವುದು ಇದೇ' ಅಂತ ತಲೆದೂಗಬೇಕು. ಆಮೇಲೆ ಖಂಡನೆ. ನಮ್ಮ ಟಿವಿ ಚರ್ಚೆಗಳಲ್ಲಿ ಖಂಡನೆಯೇ ಮೊದಲು, ಖಂಡನೆಯೇ ಕೊನೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಣ್ಣ ಆಫೀಸಿಗೆ ಬಂದ. ಕೆಂಡವಾಗಿದ್ದ. ನೆರೆಮನೆಯ ಶೇಷಪ್ಪಣ್ಣನಿಗೆ ಈ ವಾರವೇ ಲಾಯರ್ ನೋಟಿಸ್ ಹೋಗಬೇಕಂತೆ.

ವಿಷಯ ಇಷ್ಟು. ಅಣ್ಣನ ಮನೆಗೆ ಜೀಪು ಹೋಗುವುದು ಶೇಷಪ್ಪಣ್ಣನ ತೋಟದ ಬದಿಯಿಂದ. ಆ ದಾರಿಗೆ ಹಿಂದಿನಿಂದಲೂ ಒಂದು ದಣಪೆ ಇತ್ತು. ಎರಡು ಕಂಬ, ನಡುವೆ ಅಡ್ಡಡ್ಡ ಬಿದಿರಿನ ಗಳ. ಹೋಗುವವರು ಗಳ ಸರಿಸಿ ದಾಟಬೇಕು, ದಾಟಿದವರು ಮತ್ತೆ ಹಾಕಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ನಡೆಯಲು ಕಲಿತವರಿಗೆಲ್ಲ ಗೊತ್ತಿರುತ್ತದೆ. ಈಗ ಶೇಷಪ್ಪಣ್ಣ ದಣಪೆ ಕಿತ್ತು ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದ. ಜೀಪು ಗೇಟಿನ ಆಚೆಯೇ ನಿಲ್ಲುತ್ತಿತ್ತು. ಮಂಡಿನೋವಿನ ನನ್ನ ಅತ್ತಿಗೆ ಅಲ್ಲಿಂದ ಮನೆಯವರೆಗೆ ಏರುದಾರಿ ಹತ್ತಬೇಕಿತ್ತು. ಇದು ಯಾವ ನ್ಯಾಯ?

ನನಗೂ ಸಿಟ್ಟು ಬಂತು. ಆದರೂ ಒಂದು ಅಳುಕು. ಹಬ್ಬಕ್ಕೆ ಆ ಮನೆಯ ಕಡುಬು ಈ ಮನೆಗೆ, ಈ ಮನೆಯದ್ದು ಆ ಮನೆಗೆ ಹೋಗಿಬರುತ್ತಿತ್ತು. ನೋಟಿಸ್ ಹೋದ ಮನೆಗೆ ಮತ್ತೆ ಕಡುಬು ಹೋಗುವುದಿಲ್ಲ. ಇಷ್ಟು ವರ್ಷದ ವಕೀಲಿಕೆಯಲ್ಲಿ ನಾನು ಕಂಡ ಸತ್ಯ ಅದು.

ಡ್ರಾಫ್ಟ್ ಮಾಡುವ ಕೆಲಸ ಸ್ಫೂರ್ತಿಗೆ ಕೊಟ್ಟೆ. ಏನು ಬರೆದಿದ್ದಳು ಅಂತೀರಿ! ಶೇಷಪ್ಪಣ್ಣ ದಮನಕಾರಿ, ಅವನ ಗೇಟು ಸರ್ವಾಧಿಕಾರದ ಸಂಕೇತ, ಜೀವಿಸುವ ಹಕ್ಕು ಪ್ಯಾರಾಕ್ಕೊಂದು ಸಲ. ಬಸರೀಕಟ್ಟೆಯ ಒಂದು ಗೇಟಿನ ಮೇಲೆ ಇಡೀ ಸಂವಿಧಾನವನ್ನೇ ಎತ್ತಿ ಒಗೆದಿದ್ದಳು. ಅಣ್ಣನಿಗೆ ಕಣ್ಣಲ್ಲಿ ನೀರು. ಮಗಳೆಂದರೆ ಇವಳು!

ಚೆನ್ನಾಗಿದೆ ಅಂದೆ. ಈಗ ಇದಕ್ಕೆ ಶೇಷಪ್ಪಣ್ಣನ ಪರವಾಗಿ ಉತ್ತರ ಬರಿ, ಅದಾದ ಮೇಲೆಯೇ ಇದು ಪೋಸ್ಟ್‌ಗೆ ಹೋಗುವುದು ಅಂದೆ. ಅವಳು ಪೆನ್ನು ಕಚ್ಚಿಕೊಂಡು ಸಂಜೆಯವರೆಗೆ ಕೂತಳು. ಅವರ ಕಡೆ ಪಾಯಿಂಟೇ ಇಲ್ಲವಂತೆ. ಪಾಯಿಂಟು ಆಫೀಸಿನಲ್ಲಿ ಹುಟ್ಟುವುದಿಲ್ಲ, ಹೋಗಿ ಅವರನ್ನೇ ಕೇಳು ಅಂದೆ. (ವಕೀಲರು ಹೀಗೆ ಎದುರು ಪಾರ್ಟಿಯ ಮನೆಗೆ ಜನ ಕಳಿಸುವಂತಿಲ್ಲ. ಆದರೆ ಅವಳು ಹೋದದ್ದು ನೆರೆಮನೆಯ ಹುಡುಗಿಯಾಗಿ. ವಾದಕ್ಕೆ ಯಾವುದೂ ಕಷ್ಟವಲ್ಲ ನೋಡಿ.)

ಮರುದಿನ ಆಫೀಸಿಗೆ ಬಂದವಳ ಮುಖ ಸಪ್ಪಗಿತ್ತು. ಶೇಷಪ್ಪಣ್ಣ ಜಗಳ ಆಡಲಿಲ್ಲವಂತೆ. ಕೂರಿಸಿ, ಕಾಫಿ ಕೊಟ್ಟು, ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿದನಂತೆ. ಹೊಸದಾಗಿ ನೆಟ್ಟ ಅಡಿಕೆ ಸಸಿಗಳಲ್ಲಿ ಬರೀ ಕಡ್ಡಿ ಉಳಿದಿತ್ತು. ಯಾರೋ ದಣಪೆ ತೆರೆದಿಟ್ಟು ಹೋಗಿದ್ದರು. ದನ ನುಗ್ಗಿತ್ತು. ಒಂದು ಸಲ ಅಲ್ಲ, ಮತ್ತೆ ಮತ್ತೆ.

ಯಾರೋ ಅಂದರೆ ಯಾರು? ಕಳೆದ ರಜೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸ್ಕೂಟಿಯಲ್ಲಿ ಓಡಾಡುತ್ತಿದ್ದ ನಮ್ಮ ಲಾಯರಮ್ಮ! ಗಳ ತೆಗೆಯಲು ಒಂದು ಸಲ ಇಳಿಯುವುದು, ಹಾಕಲು ಇನ್ನೊಂದು ಸಲ ಇಳಿಯುವುದು, ಯಾರಿಗೆ ಬೇಕು ಆ ರಗಳೆ?

"ಗಳ ಹಾಕು ಕೂಸೇ ಅಂತ ಕೂಗಿ ಹೇಳಿದ್ದೆ. ನೀನು ಟಾಟಾ ಮಾಡಿ ಹೋದೆ" ಅಂದನಂತೆ ಶೇಷಪ್ಪಣ್ಣ.

ಅಷ್ಟೇ ಅಲ್ಲ. ಮಗಳಿಗೆ ಸ್ವಲ್ಪ ಹೇಳು ಅಂತ ಅವನು ಅಣ್ಣನಲ್ಲಿಗೂ ಹೋಗಿದ್ದ. ಅಣ್ಣ ಏನಂದ ಗೊತ್ತಾ? ಲಾ ಓದುವ ಹುಡುಗಿಗೆ ಬುದ್ಧಿ ಹೇಳಲು ನೀನ್ಯಾರು ಅಂದ. ಬೀಗ ಹಾಕಿದ ದಿನ ಶೇಷಪ್ಪಣ್ಣ ಒಂದು ಕೀಯನ್ನೂ ಕೊಡಲು ಬಂದಿದ್ದ. ನನ್ನ ದಾರಿಗೆ ನಿನ್ನ ಕೀಯಾ ಅಂತ ಅಣ್ಣ ಅದನ್ನು ಬೇಲಿಯಾಚೆ ಎಸೆದಿದ್ದ. ಇದ್ಯಾವುದನ್ನೂ ಅವನು ನನಗೆ ಹೇಳಿರಲಿಲ್ಲ. ತಂಗಿಗೆ ಹೇಳದಿದ್ದರೆ ಹೋಗಲಿ, ತನ್ನ ವಕೀಲರಿಗಾದರೂ ಹೇಳಬೇಡವಾ?

ಅವತ್ತು ಸ್ಫೂರ್ತಿ ಉತ್ತರ ಬರೆದಳು. ಸಂವಿಧಾನ ಇರಲಿಲ್ಲ, ದಮನ ಇರಲಿಲ್ಲ. ಸಸಿ, ದನ, ದಣಪೆ, ಕೀ, ಅಷ್ಟೇ. ಓದಿದರೆ ಯಾವ ನ್ಯಾಯಾಧೀಶರಾದರೂ ಶೇಷಪ್ಪಣ್ಣನ ಕಡೆಗೇ ವಾಲಬೇಕು, ಹಾಗಿತ್ತು. ಬೀಗ ಹಾಕಿದ್ದು ಅತಿಯಾಯಿತು, ನಮ್ಮ ವಾದ ನಿಲ್ಲುವುದಾದರೆ ಅಲ್ಲೊಂದೇ ಕಡೆ ಅಂತಲೂ ಅವಳೇ ಹುಡುಕಿ ಹೇಳಿದಳು. ಇಷ್ಟು ವರ್ಷದ ಕಾಲೇಜು ಕಲಿಸದ್ದನ್ನು ಒಂದು ಲೋಟ ಕಾಫಿ ಕಲಿಸಿತ್ತು. ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ನೋಟಿಸ್ ಹೋಯಿತಾ ಅಂತ ಕೇಳಲು ಬಂದ ಅಣ್ಣನ ಕೈಗೆ ಆ ಉತ್ತರ ಕೊಟ್ಟೆ. ಓದುತ್ತಾ ಹೋದ ಹಾಗೆ ಅವನ ಮುಖ ಇಳಿಯಿತು.

"ಶೇಷಪ್ಪ ಯಾರನ್ನ ಹಿಡಿದ ಮಾರಾಯ್ತಿ? ಭಾರೀ ಖದೀಮ ವಕೀಲ ಇವ. ನಾವೇ ಇವನನ್ನ ಇಟ್ಕೊಳ್ಬೇಕಿತ್ತು."

ಖದೀಮ ವಕೀಲ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

"ಬರೆದದ್ದು ನಾನು ಅಪ್ಪಯ್ಯ. ದಣಪೆ ತೆರೆದಿಟ್ಟವಳೂ ನಾನೇ. ನಿಂಗೂ ಗೊತ್ತಿತ್ತು."

ಅಣ್ಣ ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ಒರೆಸಿದ. ಕೊನೆಗೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದ.

ನೋಟಿಸ್ ನನ್ನ ಮೇಜಿನ ಮೇಲೇ ಉಳಿಯಿತು. ಆ ಭಾನುವಾರ ಸ್ಫೂರ್ತಿ ಅಮ್ಮನ ಕೈ ಹಿಡಿದುಕೊಂಡು ಆ ಏರುದಾರಿ ಇಳಿಸಿ ಶೇಷಪ್ಪಣ್ಣನ ಮನೆಗೆ ಹೋದಳು. ತಪ್ಪಾಯಿತು ಅಂದಳು. ಅತ್ತಿಗೆ ಕುಂಟುವುದನ್ನು ಕಂಡು ಶೇಷಪ್ಪಣ್ಣನೇ ಪೆಚ್ಚಾದನಂತೆ. ಸಂಜೆಯೊಳಗೆ ಬೀಗ ಹೋಯಿತು, ಗೇಟಿಗೆ ಬರೀ ಚಿಲಕ ಉಳಿಯಿತು. ಈಗ ಜೀಪು ಅಂಗಳದವರೆಗೆ ಹೋಗುತ್ತದೆ. ನಮ್ಮ ಲಾಯರಮ್ಮ ಸ್ಕೂಟಿಯಿಂದ ಎರಡೂ ಸಲ ಇಳಿಯುತ್ತಾಳೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಬೀಗ ತೆಗೆದದ್ದು ಹೇಳಿದ, ಶೇಷಪ್ಪಣ್ಣನ ಮನೆಯಿಂದ ಕಡುಬು ಬಂದದ್ದೂ ಹೇಳಿದ. ಫೋನ್ ಇಡುವ ಮುಂಚೆ ದನಿ ತಗ್ಗಿಸಿ, "ಅದೆಲ್ಲ ಇರ್ಲಿ ಮಾರಾಯ್ತಿ, ಕಡೆಗೆ ಗೆದ್ದದ್ದು ಯಾರು, ನಾವಾ ಅವನಾ?" ಅಂದ.

ಕೊನೇ ಪುಟ ಮಾತ್ರ ಓದುವ ಚಟವನ್ನು ಪಾಪ ಆ ಹುಡುಗಿ ಕಾಲೇಜಿನಲ್ಲಿ ಕಲಿತದ್ದಲ್ಲ!